ಸುದ್ದಿ ಬಲ್ಲವರು ಸೇವೆಗೆ ಬಂದಾಗ

ಒಂದು ಕ್ಲಬ್ಬಿನಲ್ಲಿ ಒಂದು ವೃತ್ತಿಗೆ ಒಬ್ಬರೇ ಸದಸ್ಯರು. ವಕೀಲರೊಬ್ಬರು ಸೇರಿದ್ದರೆ ಇನ್ನೊಬ್ಬ ವಕೀಲರಿಗೆ ಅಲ್ಲಿ ಜಾಗವಿಲ್ಲ. ಔಷಧ ವ್ಯಾಪಾರಿಯೊಬ್ಬರು ಇದ್ದರೆ ಪಕ್ಕದ ಬೀದಿಯ ಔಷಧ ವ್ಯಾಪಾರಿ ಕಾಯಬೇಕು. ರೋಟರಿ ಸಂಸ್ಥೆ ತನ್ನ ಮೊದಲ ವರ್ಷಗಳಿಂದ 2001ರವರೆಗೆ ಪಾಲಿಸಿಕೊಂಡು ಬಂದ ಈ ಕಟ್ಟುಪಾಡಿಗೆ ‘ಕ್ಲಾಸಿಫಿಕೇಶನ್’ ಎಂದು ಹೆಸರು. ಊರಿನ ಎಲ್ಲ ಕಸುಬುಗಳೂ ಒಂದೇ ಮೇಜಿನ ಸುತ್ತ ಕೂರಬೇಕು, ಯಾವುದೊಂದು ಕಸುಬಿನ ಕೈಯೂ ಮೇಲಾಗಬಾರದು ಎಂಬುದು ಅದರ ಆಶಯ. ಬಹುಕಾಲ ಈ ನಿಯಮದಿಂದ ಹೊರಗುಳಿದದ್ದು ಮೂರೇ ಮೂರು ಕ್ಷೇತ್ರಗಳು: ಧರ್ಮ, ರಾಜತಾಂತ್ರಿಕ ಸೇವೆ ಮತ್ತು ಸುದ್ದಿ ಮಾಧ್ಯಮ. ಈ ಮೂರರಿಂದ ಒಬ್ಬರಿಗಿಂತ ಹೆಚ್ಚು ಮಂದಿಯನ್ನು ಸೇರಿಸಿಕೊಳ್ಳಲು ಕ್ಲಬ್ಬುಗಳಿಗೆ ಅವಕಾಶವಿತ್ತು.

2001ರಲ್ಲಿ ರೋಟರಿಯ ನಿಯಮಗಳನ್ನು ರೂಪಿಸುವ ಶಾಸನ ಮಂಡಳಿ ಈ ಕಟ್ಟನ್ನು ಸಡಿಲಿಸಿತು. 50 ಅಥವಾ ಅದಕ್ಕಿಂತ ಕಡಿಮೆ ಸದಸ್ಯರಿರುವ ಕ್ಲಬ್ಬಿನಲ್ಲಿ ಒಂದೇ ವೃತ್ತಿಯ ಐವರವರೆಗೆ, ಅದಕ್ಕಿಂತ ದೊಡ್ಡ ಕ್ಲಬ್ಬಿನಲ್ಲಿ ಶೇಕಡಾ 10ರವರೆಗೆ ಇರಬಹುದೆಂದಾಯಿತು. 2016ರಲ್ಲಿ ಸದಸ್ಯತ್ವದ ಬಗ್ಗೆ ಕ್ಲಬ್ಬುಗಳಿಗೆ ಮತ್ತಷ್ಟು ಸ್ವಾತಂತ್ರ್ಯ ಸಿಕ್ಕಿತು. ಇಂದು ಪತ್ರಕರ್ತರಷ್ಟೇ ಅಲ್ಲ, ಜಾಹೀರಾತು ಬರೆಯುವವರು, ರೇಡಿಯೊ ನಿರೂಪಕರು, ಸಾಕ್ಷ್ಯಚಿತ್ರ ತಯಾರಕರು, ಸಂಸ್ಥೆಗಳ ಸಾರ್ವಜನಿಕ ಸಂಪರ್ಕಾಧಿಕಾರಿಗಳು, ಸಾಮಾಜಿಕ ಜಾಲತಾಣ ನಿರ್ವಹಿಸುವವರು ಎಲ್ಲರೂ ಸೇವಾ ಸಂಸ್ಥೆಗಳಿಗೆ ಬರುತ್ತಿದ್ದಾರೆ. ಅವರ ಕೋಟಿಗೆ ಪಿನ್ ತೊಡಿಸಿ, ಹೂಗುಚ್ಛ ಕೊಟ್ಟು, ಫೋಟೊ ತೆಗೆಸಿಕೊಂಡ ಮೇಲೆ ಕ್ಲಬ್ಬು ಅವರಿಂದ ಏನನ್ನು ಅಪೇಕ್ಷಿಸಬೇಕು? ರೋಟರಿಯ ನೂರಿಪ್ಪತ್ತು ವರ್ಷಗಳ ಚರಿತ್ರೆಯಲ್ಲಿ ಇದಕ್ಕೆ ಉತ್ತರವಿದೆ. ಸಂವಹನ ಬಲ್ಲವರು ಬಂದಾಗಲೆಲ್ಲ ಆ ಸಂಸ್ಥೆಯ ಸೇವೆಯ ಕೈ ಉದ್ದವಾಗಿದೆ.

ಐದನೆಯವರಾಗಿ ಬಂದ ಮುದ್ರಕ

1905ರ ಫೆಬ್ರವರಿ 23ರಂದು ಶಿಕಾಗೋದ ಯೂನಿಟಿ ಬಿಲ್ಡಿಂಗ್‌ನ 711ನೇ ಕೋಣೆಯಲ್ಲಿ ನಾಲ್ವರು ಸೇರಿದರು. ವಕೀಲ ಪಾಲ್ ಹ್ಯಾರಿಸ್, ಕಲ್ಲಿದ್ದಲು ವ್ಯಾಪಾರಿ ಸಿಲ್ವೆಸ್ಟರ್ ಶೀಲ್, ಗಣಿ ಎಂಜಿನಿಯರ್ ಗಸ್ಟೇವಸ್ ಲೋರ್, ದರ್ಜಿ ವ್ಯಾಪಾರದ ಹಿರಮ್ ಶೋರಿ. ಅದು ಲೋರ್ ಅವರ ಕಚೇರಿ. ಮುಂದೆ ಸರದಿಯ ಮೇಲೆ ಒಬ್ಬೊಬ್ಬರ ಕಚೇರಿಯಲ್ಲಿ ಸೇರುತ್ತಾ ಹೋದದ್ದರಿಂದಲೇ ರೋಟರಿ ಎಂಬ ಹೆಸರು ಬಂತು.

ಕೆಲವೇ ದಿನಗಳಲ್ಲಿ ಈ ಗುಂಪಿಗೆ ಸೇರಿದವರು ಹ್ಯಾರಿ ರಗಲ್ಸ್. ‘ಐದನೆಯ ರೋಟೇರಿಯನ್’ ಎಂದೇ ಅವರು ಹೆಸರಾದರು. ವೃತ್ತಿಯಿಂದ ಮುದ್ರಕರು. ಸಭೆ ಮಂಕಾದಾಗ ಎದ್ದು ನಿಂತು ಎಲ್ಲರಿಂದ ಹಾಡಿಸುವ ರೂಢಿ ತಂದವರು ಅವರೇ. ಕ್ಲಬ್ಬಿಗೆಂದು ಹಾಡಿನ ಪುಸ್ತಕವನ್ನೂ ಅಚ್ಚು ಹಾಕಿದರು. ಅದೇ ಬಳಗದ ಮಾಂಟೇಗ್ ಬೇರ್ ಲೋಹದ ಮೇಲೆ ಅಕ್ಷರ, ಚಿತ್ರ ಕೆತ್ತುವವರು. ಗಾಡಿಯ ಚಕ್ರವೊಂದನ್ನು ಬರೆದು ಸಂಸ್ಥೆಯ ಮೊದಲ ಲಾಂಛನ ಮಾಡಿಕೊಟ್ಟರು. ಇಂದು ನಮ್ಮ ಊರುಗಳ ವೃತ್ತಗಳಲ್ಲಿ, ಬಸ್ ನಿಲ್ದಾಣದ ನೀರಿನ ತೊಟ್ಟಿಗಳ ಮೇಲೆ, ಶಾಲೆಯ ಬೆಂಚುಗಳ ಬೆನ್ನಿನ ಮೇಲೆ ಕಾಣುವ ಹಲ್ಲಿನ ಚಕ್ರದ ಪೂರ್ವರೂಪ ಅದು. ‘ಸಂವಹನ ತಜ್ಞ’ ಎಂಬ ಮಾತು ಇನ್ನೂ ಹುಟ್ಟದಿದ್ದ ಕಾಲದಲ್ಲಿ ಒಬ್ಬ ಮುದ್ರಕ ಮತ್ತು ಒಬ್ಬ ಕೆತ್ತನೆಗಾರ ಆ ಕೆಲಸ ಮಾಡಿ ಮುಗಿಸಿದ್ದರು.

ಮೊದಮೊದಲು ಕ್ಲಬ್ಬಿನ ಉದ್ದೇಶ ಗೆಳೆತನ ಮತ್ತು ಪರಸ್ಪರ ವ್ಯಾಪಾರ ಅಷ್ಟೇ ಆಗಿತ್ತು. 1906ರಲ್ಲಿ ಡೊನಾಲ್ಡ್ ಕಾರ್ಟರ್ ಎಂಬ ಪೇಟೆಂಟ್ ವಕೀಲರನ್ನು ಸದಸ್ಯರಾಗಿ ಎಂದು ಕರೆದಾಗ, ಊರಿಗೆ ಏನೂ ಮಾಡದ ಕೂಟ ತಮಗೆ ಬೇಡವೆಂದರು. ಹಾಗಾದರೆ ನೀವೇ ಬಂದು ಅದನ್ನು ತಿದ್ದಿ ಎಂದು ಅವರನ್ನು ಒಪ್ಪಿಸಿ ಕರೆತರಲಾಯಿತು. ಸಮಾಜಸೇವೆ ಉದ್ದೇಶಗಳ ಪಟ್ಟಿಗೆ ಸೇರಿತು. ಶಿಕಾಗೋದ ಮಧ್ಯಭಾಗದಲ್ಲಿ ಸಾರ್ವಜನಿಕ ಶೌಚಾಲಯ ಕಟ್ಟಿಸಲು 1907ರಲ್ಲಿ ಆರಂಭಿಸಿದ ಪ್ರಯತ್ನ ಕ್ಲಬ್ಬಿನ ಮೊದಲ ಸಾರ್ವಜನಿಕ ಕಾರ್ಯ. ಅದಕ್ಕೆ ವಿರೋಧವೂ ಇತ್ತು. ಶೌಚಾಲಯಕ್ಕೆಂದು ಒಳಬರುವ ಗಿರಾಕಿಗಳು ತಪ್ಪಿಹೋದಾರು ಎಂಬ ಅಂಜಿಕೆ ಮದ್ಯದಂಗಡಿಯವರಿಗೂ ದೊಡ್ಡ ಮಳಿಗೆಯವರಿಗೂ ಇತ್ತು. ರೋಟರಿಯವರು ನಗರದ ಇತರ ಸಂಘಟನೆಗಳನ್ನು ಜೊತೆಗೆ ಕಟ್ಟಿಕೊಂಡು, ನಗರಾಡಳಿತಕ್ಕೆ ವಿಷಯ ಮನದಟ್ಟು ಮಾಡಿಸಬೇಕಾಯಿತು. ಹಣ ಕೂಡಿಸುವುದಕ್ಕಿಂತ ಜನಾಭಿಪ್ರಾಯ ಕೂಡಿಸುವುದು ಕಷ್ಟ ಎಂಬ ಪಾಠವನ್ನು ಸಂಸ್ಥೆ ತನ್ನ ಮೊದಲ ಕೆಲಸದಲ್ಲೇ ಕಲಿತಿತು.

ಪತ್ರಿಕೆ ಕಟ್ಟಿದ ಕಾರ್ಯದರ್ಶಿ

ಎರಡನೆಯ ಕ್ಲಬ್ಬು ಹುಟ್ಟಿದ್ದು ಬಾಯಿಮಾತಿನಿಂದ. ಪಾಲ್ ಹ್ಯಾರಿಸ್ ಅವರ ಗೆಳೆಯ, ಮಾರಾಟ ಪ್ರತಿನಿಧಿ ಮ್ಯಾನುಯೆಲ್ ಮುನೋಸ್ 1908ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋಗೆ ಹೋದಾಗ ವಕೀಲ ಹೋಮರ್ ವುಡ್ ಅವರಿಗೆ ಶಿಕಾಗೋದ ಕೂಟದ ಕಥೆ ಹೇಳಿದರು. ಅದೇ ವರ್ಷ ಅಲ್ಲಿ ಕ್ಲಬ್ಬು ಎದ್ದಿತು. ಊರಿನಿಂದ ಊರಿಗೆ ಹೀಗೆ ಹಬ್ಬಿ, 1910ರ ಆಗಸ್ಟ್‌ನಲ್ಲಿ ಶಿಕಾಗೋದಲ್ಲಿ ಮೊದಲ ಸಮಾವೇಶ ನಡೆದಾಗ ಕ್ಲಬ್ಬುಗಳ ಸಂಖ್ಯೆ 16 ಆಗಿತ್ತು.

ಬಾಯಿಮಾತಿಗೆ ಒಂದು ಮಿತಿಯಿದೆ. ಹದಿನಾರು ಊರುಗಳಲ್ಲಿ ಹದಿನಾರು ರೋಟರಿ ಆಗದಂತೆ ನೋಡಿಕೊಳ್ಳಬೇಕಾದರೆ ಒಂದೇ ಮಾತು ಎಲ್ಲರಿಗೂ ಒಂದೇ ಬಗೆಯಲ್ಲಿ ತಲುಪಬೇಕು. ಸಮಾವೇಶದಲ್ಲಿ ಕಾರ್ಯದರ್ಶಿಯಾಗಿ ಆಯ್ಕೆಯಾದ ಚೆಸ್ಲಿ ಪೆರಿ ಇದನ್ನು ಕಂಡುಕೊಂಡರು. 1911ರ ಜನವರಿಯಲ್ಲಿ ಅವರ ಸಂಪಾದಕತ್ವದಲ್ಲಿ ‘ದ ನ್ಯಾಷನಲ್ ರೋಟೇರಿಯನ್’ ಹೊರಬಂತು. ರೋಟರಿ ಎಂದರೇನು ಎಂಬುದನ್ನು ಬಿಡಿಸಿ ಹೇಳುವ ಪಾಲ್ ಹ್ಯಾರಿಸ್ ಅವರ ಪ್ರಬಂಧ ಆ ಮೊದಲ ಸಂಚಿಕೆಯಲ್ಲಿತ್ತು. ಮರುವರ್ಷ ಪತ್ರಿಕೆಯ ಹೆಸರು ‘ದ ರೋಟೇರಿಯನ್’ ಎಂದಾಯಿತು. ಗಾಂಧೀಜಿ, ಜಾರ್ಜ್ ಬರ್ನಾರ್ಡ್ ಷಾ ಅಂಥವರ ಬರಹಗಳಿಗೂ ಮುಂದೆ ಅದು ವೇದಿಕೆಯಾಯಿತು. ಪೆರಿ 1942ರವರೆಗೆ, ಅಂದರೆ 32 ವರ್ಷ ಕಾರ್ಯದರ್ಶಿಯಾಗಿದ್ದರು. ಸಂಸ್ಥೆಯನ್ನು ಕನಸಿದವರು ಹ್ಯಾರಿಸ್ ಆದರೆ ಕಟ್ಟಿ ನಿಲ್ಲಿಸಿದವರು ಪೆರಿ ಎಂದು ಹ್ಯಾರಿಸ್ ಅವರೇ ಒಪ್ಪಿಕೊಂಡಿದ್ದರು.

ಧ್ಯೇಯವಾಕ್ಯಗಳೂ ಹೀಗೆಯೇ ಹಬ್ಬಿದವು. ಮಾರಾಟ ಕಲೆಯನ್ನು ಕಲಿಸುವ ಶಾಲೆ ನಡೆಸುತ್ತಿದ್ದ ಆರ್ಥರ್ ಶೆಲ್ಡನ್, ಹೆಚ್ಚು ಸೇವೆ ಮಾಡಿದವನಿಗೇ ಹೆಚ್ಚು ಲಾಭ ಎಂಬ ಅರ್ಥದ ಭಾಷಣವನ್ನು 1911ರ ಪೋರ್ಟ್‌ಲ್ಯಾಂಡ್ ಸಮಾವೇಶಕ್ಕೆ ಬರೆದು ಕಳಿಸಿದ್ದರು. ಅದನ್ನು ವೇದಿಕೆಯಲ್ಲಿ ಓದಿದವರು ಪೆರಿ. ಅದೇ ಸಮಾವೇಶದಲ್ಲಿ ಮಿನಿಯಾಪೊಲಿಸ್‌ನ ಬೆಂಜಮಿನ್ ಕಾಲಿನ್ಸ್ ಆಡಿದ ಮಾತೊಂದು ತುಸು ಬದಲಾಗಿ ‘ಸ್ವಾರ್ಥಕ್ಕಿಂತ ಸೇವೆ ಮಿಗಿಲು’ ಎಂಬ ಇಂದಿನ ಘೋಷವಾಯಿತು.

ವಿಶೇಷಣಗಳಿಗೆ ಕತ್ತರಿ

ಅನೇಕ ಕ್ಲಬ್ಬುಗಳ ಸಭೆಯಲ್ಲಿ ಓದಿ ಹೇಳುವ ಚತುರ್ವಿಧ ಪರೀಕ್ಷೆಯ ಕಥೆ ಸಂವಹನ ವೃತ್ತಿಯವರಿಗೆ ವಿಶೇಷವಾಗಿ ಸಲ್ಲುತ್ತದೆ. 1932ರಲ್ಲಿ ಹರ್ಬರ್ಟ್ ಟೇಲರ್ ಶಿಕಾಗೋದ ಕ್ಲಬ್ ಅಲ್ಯೂಮಿನಿಯಂ ಎಂಬ ಪಾತ್ರೆ ಕಂಪನಿಯ ಹೊಣೆ ಹೊತ್ತರು. ಆರ್ಥಿಕ ಮುಗ್ಗಟ್ಟಿನ ದಿನಗಳು; ಕಂಪನಿ ದಿವಾಳಿಯ ಅಂಚಿನಲ್ಲಿತ್ತು. ನೌಕರರೆಲ್ಲ ನೆನಪಿಟ್ಟುಕೊಳ್ಳಬಹುದಾದ ಒಂದು ಚಿಕ್ಕ ನೀತಿಯ ಅಳತೆಗೋಲು ಬೇಕೆಂದು ಅವರು ನಾಲ್ಕು ಪ್ರಶ್ನೆಗಳನ್ನು ಬರೆದುಕೊಂಡರು. ನಾವು ಆಡುವುದು, ಮಾಡುವುದು ನಿಜವೇ, ಎಲ್ಲರಿಗೂ ನ್ಯಾಯವೇ, ಸದ್ಭಾವನೆ ಮತ್ತು ಸ್ನೇಹ ಬೆಳೆಸುತ್ತದೆಯೇ, ಎಲ್ಲರಿಗೂ ಹಿತವೇ ಎಂಬುದು ಅವುಗಳ ತಿರುಳು. ಇಂಗ್ಲಿಷಿನಲ್ಲಿ ಒಟ್ಟು 24 ಪದಗಳು. ಕಂಪನಿಯ ನಾಲ್ವರು ವಿಭಾಗ ಮುಖ್ಯಸ್ಥರು ನಾಲ್ಕು ಬೇರೆ ಬೇರೆ ನಂಬಿಕೆಯವರು. ನಿಮ್ಮ ನಿಮ್ಮ ಧರ್ಮಕ್ಕೆ ಇದರಲ್ಲಿ ವಿರುದ್ಧವಾದದ್ದು ಇದೆಯೇ ಎಂದು ಅವರನ್ನು ಕೇಳಿಯೇ ಟೇಲರ್ ಮುಂದುವರಿದರು.

ಪರೀಕ್ಷೆ ಮೊದಲು ಮುಟ್ಟಿದ್ದು ಜಾಹೀರಾತನ್ನು. ತಮ್ಮ ಪಾತ್ರೆಯೇ ಜಗತ್ತಿನಲ್ಲಿ ಶ್ರೇಷ್ಠ ಎಂಬ ಧಾಟಿಯ ಜಾಹೀರಾತಿನ ಕರಡು ಟೇಲರ್ ಮೇಜಿಗೆ ಬಂತು. ಅದು ನಿಜವೆಂದು ತೋರಿಸಲು ಅವರ ಬಳಿ ಆಧಾರವಿರಲಿಲ್ಲ. ಉತ್ತಮ, ಅತ್ಯುತ್ತಮ, ಶ್ರೇಷ್ಠ ಎಂಬ ಪದಗಳೆಲ್ಲ ಕಂಪನಿಯ ಜಾಹೀರಾತುಗಳಿಂದ ಹೊರಬಿದ್ದವು. ಪಾತ್ರೆಯ ಗುಣವನ್ನು ಇದ್ದದ್ದು ಇದ್ದಂತೆ ಹೇಳುವ ವಾಕ್ಯಗಳು ಒಳಬಂದವು. ಕಂಪನಿ ಸಾಲ ತೀರಿಸಿ ಚೇತರಿಸಿಕೊಂಡಿತು. 1943ರಲ್ಲಿ ರೋಟರಿ ಈ ಪರೀಕ್ಷೆಯನ್ನು ತನ್ನದಾಗಿಸಿಕೊಂಡಿತು. ಟೇಲರ್ 1954-55ರಲ್ಲಿ ಅಂತರರಾಷ್ಟ್ರೀಯ ಅಧ್ಯಕ್ಷರಾದರು.

ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎಂದು ನಂಬಿದ ಹಿರಿಯರು ನಮ್ಮ ಕ್ಲಬ್ಬುಗಳಲ್ಲಿ ಅನೇಕರಿದ್ದಾರೆ. ಪ್ರಚಾರವೆಂದರೆ ಅವರಿಗೆ ಮುಜುಗರ. ಆ ಸಂಕೋಚ ಗೌರವಕ್ಕೆ ಅರ್ಹವಾದದ್ದು. ಕೊಟ್ಟವರ ಹೆಸರು ಸಾರುವುದು ಒಂದು ಕೆಲಸ. ಎಲ್ಲಿ ಏನು ಸಿಗುತ್ತದೆ ಎಂದು ಬೇಕಾದವರಿಗೆ ತಿಳಿಸುವುದು ಪೂರಾ ಬೇರೆ ಕೆಲಸ. ಶಿಬಿರವಿದೆ ಎಂದು ಗೊತ್ತಾಗದೆ ಮನೆಯಲ್ಲೇ ಉಳಿದ ಅಜ್ಜಿಗೆ ಆ ಶಿಬಿರದಿಂದ ಏನೂ ಸಿಕ್ಕಿರುವುದಿಲ್ಲ. ಟೇಲರ್ ಅವರ ಕತ್ತರಿ ಮೊದಲನೆಯದನ್ನು ಕತ್ತರಿಸಿ ಎರಡನೆಯದಕ್ಕೆ ದಾರಿ ಮಾಡುತ್ತದೆ.

ಕಲ್ಕತ್ತೆಯ ಚಲನಚಿತ್ರ ವಿತರಕ

ಭಾರತದ ಮೊದಲ ರೋಟರಿ ಕ್ಲಬ್ಬು 1919ರಲ್ಲಿ ಕಲ್ಕತ್ತೆಯಲ್ಲಿ ರೂಪುಗೊಂಡು, 1920ರ ಜನವರಿ 1ರಂದು ಸನದು ಪಡೆಯಿತು. ಬೆಂಗಳೂರಿಗೆ ರೋಟರಿ ಬಂದದ್ದು 1934ರಲ್ಲಿ. ಮುಂದೆ ಜಿಲ್ಲಾ ಕೇಂದ್ರಗಳಿಗೆ, ತಾಲ್ಲೂಕುಗಳಿಗೆ ಅದು ಹರಡಿತು.

ಕಲ್ಕತ್ತೆಯ ಕ್ಲಬ್ಬಿನಿಂದಲೇ ಬಂದವರು ನಿತೀಶ್ ಲಾಹಿರಿ. ಕೊಲಂಬಿಯಾ ಫಿಲ್ಮ್ಸ್ ಕಂಪನಿಗಾಗಿ ಚಲನಚಿತ್ರ ವಿತರಣೆಯಲ್ಲಿ ದುಡಿದವರು. 1962-63ರಲ್ಲಿ ರೋಟರಿ ಇಂಟರ್‌ನ್ಯಾಷನಲ್‌ನ ಅಧ್ಯಕ್ಷರಾದ ಅವರು, ಆ ಸ್ಥಾನಕ್ಕೇರಿದ ಏಷ್ಯಾದ ಮೊದಲಿಗರು. ಒಳಗಿರುವ ಕಿಡಿಯನ್ನು ಹೊತ್ತಿಸಿ ಎಂಬ ಅರ್ಥದ ಘೋಷವಾಕ್ಯ ಅವರದಾಗಿತ್ತು. ಅವರ ಅವಧಿಯಲ್ಲೇ, 1962ರ ನವೆಂಬರ್ 5ರಂದು, ಅಮೆರಿಕದ ಫ್ಲಾರಿಡಾದ ಮೆಲ್ಬರ್ನ್ ಹೈಸ್ಕೂಲಿನಲ್ಲಿ ಶಾಲಾ ಮಕ್ಕಳ ಮೊದಲ ಇಂಟರ್‌ಆಕ್ಟ್ ಕ್ಲಬ್ಬು ಆರಂಭವಾಯಿತು. ಎರಡನೆಯದು ನಮ್ಮ ತಂಜಾವೂರಿನಲ್ಲಿ. ಇಂದು ಕರ್ನಾಟಕದ ಶಾಲೆಗಳಲ್ಲಿ ಸ್ವಚ್ಛತೆಯ ಜಾಥಾ, ಭಿತ್ತಿಪತ್ರಿಕೆ, ಭಾಷಣ ಸ್ಪರ್ಧೆಗಳನ್ನು ನಡೆಸುವ ಇಂಟರ್‌ಆಕ್ಟ್ ಮಕ್ಕಳ ಪರಂಪರೆ ಅಲ್ಲಿಂದ ಹೊರಟದ್ದು.

ರೋಟರಿಯ ಆಚೆಗೂ ಇಂಥ ಉದಾಹರಣೆಯಿದೆ. 1917ರಲ್ಲಿ ಶಿಕಾಗೋದ ವಿಮಾ ವ್ಯವಹಾರಸ್ಥ ಮೆಲ್ವಿನ್ ಜೋನ್ಸ್ ಕಟ್ಟಿದ ಲಯನ್ಸ್ ಸಂಸ್ಥೆಗೆ ಎಂಟು ವರ್ಷ ಕಳೆದಿದ್ದಾಗ ಹೆಲೆನ್ ಕೆಲರ್ ಅದರ ಸಮಾವೇಶಕ್ಕೆ ಬಂದರು. ಅಂಧರ ಅಮೆರಿಕನ್ ಪ್ರತಿಷ್ಠಾನದ ಪರವಾಗಿ ಊರೂರು ತಿರುಗಿ ಮಾತನಾಡುತ್ತಿದ್ದ ಆಕೆ 1925ರ ಜೂನ್ 30ರಂದು ಒಹಾಯೊದ ಸೀಡರ್ ಪಾಯಿಂಟ್‌ನಲ್ಲಿ, ಅಂಧರ ಬಾಳಿನ ಕತ್ತಲೆಯ ವಿರುದ್ಧ ಹೋರಾಡಿ ಎಂದು ಲಯನ್ಸ್ ಸದಸ್ಯರನ್ನು ಕೇಳಿಕೊಂಡರು. ಆ ಒಂದು ಭಾಷಣದಿಂದ ಸಂಸ್ಥೆಯ ದಾರಿಯೇ ಗೊತ್ತಾಯಿತು. ಲಯನ್ಸ್ ಎಂದರೆ ಕಣ್ಣಿನ ಶಿಬಿರ ಎಂದು ನಮ್ಮ ಹಳ್ಳಿಗಳಲ್ಲೂ ಜನ ಹೇಳುವಂತಾದದ್ದರ ಹಿಂದೆ ಆ ದಿನವಿದೆ.

ಬಾಗಿಲ ಮೇಲೆ ಬರೆದ ಅಕ್ಷರ

ಸಂವಹನವೇ ಸೇವೆಯಾಗಿ ನಿಂತದ್ದಕ್ಕೆ ಪೋಲಿಯೊ ವಿರುದ್ಧದ ಕೆಲಸದಷ್ಟು ದೊಡ್ಡ ಸಾಕ್ಷಿ ಇನ್ನೊಂದಿಲ್ಲ. 1979ರಲ್ಲಿ ಫಿಲಿಪ್ಪೀನ್ಸ್‌ನ ಸುಮಾರು 60 ಲಕ್ಷ ಮಕ್ಕಳಿಗೆ ಲಸಿಕೆ ಹಾಕಿಸುವ ಯೋಜನೆಯಿಂದ ರೋಟರಿ ಈ ಕ್ಷೇತ್ರಕ್ಕಿಳಿಯಿತು. 1985ರಲ್ಲಿ ಪೋಲಿಯೊಪ್ಲಸ್ ಆರಂಭವಾಯಿತು. 12 ಕೋಟಿ ಡಾಲರ್ ಗುರಿಯಿಟ್ಟುಕೊಂಡಿದ್ದ ಸದಸ್ಯರು 1988ರ ಹೊತ್ತಿಗೆ 24.7 ಕೋಟಿ ಡಾಲರ್ ಕೂಡಿಸಿದ್ದರು. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್ ಮುಂತಾದವುಗಳ ಜೊತೆ ಜಾಗತಿಕ ಆಂದೋಲನ ಶುರುವಾಯಿತು. ಆಗ 125ಕ್ಕೂ ಹೆಚ್ಚು ದೇಶಗಳಲ್ಲಿ ವರ್ಷಕ್ಕೆ ಅಂದಾಜು 3.5 ಲಕ್ಷ ಮಂದಿ ಈ ರೋಗದಿಂದ ಪಾರ್ಶ್ವವಾಯುವಿಗೆ ತುತ್ತಾಗುತ್ತಿದ್ದರು.

ಭಾರತದಲ್ಲಿ 1995ರಿಂದ ದೇಶವ್ಯಾಪಿಯಾಗಿ ನಡೆದ ಪಲ್ಸ್ ಪೋಲಿಯೊ ಭಾನುವಾರಗಳು ಎಲ್ಲರ ನೆನಪಿನಲ್ಲಿವೆ. ಅಂಗನವಾಡಿ, ಬಸ್ ನಿಲ್ದಾಣ, ರೈಲು ನಿಲ್ದಾಣಗಳಲ್ಲಿ ಹಳದಿ ಬ್ಯಾನರಿನ ಬೂತುಗಳು. ಹನಿ ಹಾಕಿಸಿಕೊಂಡ ಮಗುವಿನ ಎಡಗೈ ಕಿರುಬೆರಳಿಗೆ ಶಾಯಿ. ಚುನಾವಣೆಗೆ ಶಾಯಿ ಒದಗಿಸುವ ಮೈಸೂರಿನ ಪೇಂಟ್ಸ್ ಅಂಡ್ ವಾರ್ನಿಷ್ ಕಾರ್ಖಾನೆ ಈ ಕೆಲಸಕ್ಕೂ ಶಾಯಿ ಕೊಟ್ಟಿದೆ. ಬೂತು ಮುಗಿದ ಮರುದಿನದಿಂದ ಕಾರ್ಯಕರ್ತರು ಮನೆಮನೆಗೆ ಹೋಗುತ್ತಿದ್ದರು. ಎಲ್ಲ ಮಕ್ಕಳಿಗೂ ಹನಿ ಬಿದ್ದಿದ್ದರೆ ಗೋಡೆಯ ಮೇಲೆ ‘ಪಿ’ ಅಕ್ಷರ, ಒಂದು ಮಗು ತಪ್ಪಿದ್ದರೂ ‘ಎಕ್ಸ್’ ಗುರುತು. ಎಕ್ಸ್ ಬಿದ್ದ ಮನೆಗೆ ಮತ್ತೆ ಹೋಗಲೇಬೇಕು.

ಆ ಎಕ್ಸ್ ಮನೆಗಳಲ್ಲೇ ನಿಜವಾದ ಕೆಲಸ ಕಾದಿತ್ತು. 2002ರಲ್ಲಿ ದೇಶದಲ್ಲಿ 1,600 ಪ್ರಕರಣಗಳು ವರದಿಯಾದವು. ಬಹುಪಾಲು ಉತ್ತರ ಪ್ರದೇಶದಲ್ಲಿ. ಹನಿಯಿಂದ ಮುಂದೆ ಮಕ್ಕಳಾಗುವುದಿಲ್ಲ ಎಂಬ ವದಂತಿ ಹಬ್ಬಿತ್ತು. ಬೇರೆ ಯಾವ ಸೌಲಭ್ಯಕ್ಕೂ ಬಾರದ ಸರ್ಕಾರ ಈ ಹನಿಗೆ ಮಾತ್ರ ಏಕೆ ಮತ್ತೆ ಮತ್ತೆ ಬಾಗಿಲು ಬಡಿಯುತ್ತದೆ ಎಂಬ ಸಂಶಯವೂ ಇತ್ತು. ಅದಕ್ಕೆ ಉತ್ತರ ಎರಡು ದಿಕ್ಕಿನಿಂದ ಬಂತು. ಒಗಿಲ್ವಿ ಸಂಸ್ಥೆಯ ಪೀಯೂಷ್ ಪಾಂಡೆ ಮತ್ತು ಬಳಗ ರೂಪಿಸಿದ ‘ದೋ ಬೂಂದ್ ಜಿಂದಗಿ ಕೀ’ ಜಾಹೀರಾತುಗಳಲ್ಲಿ ಅಮಿತಾಭ್ ಬಚ್ಚನ್ ಮನೆಯ ಹಿರಿಯರಂತೆ ಗದರಿ ಕರೆದರು. ನೆಲಮಟ್ಟದಲ್ಲಿ ಯುನಿಸೆಫ್ ಕಟ್ಟಿದ ಜಾಲದ ಸಾವಿರಾರು ಹೆಣ್ಣುಮಕ್ಕಳು ತಮ್ಮದೇ ಕೇರಿಯ ಮನೆಗಳಲ್ಲಿ ಕೂತು ತಾಯಂದಿರ ಮಾತು ಕೇಳಿದರು. ರೋಟರಿ ಮುಸ್ಲಿಂ ಧರ್ಮಪಂಡಿತರ ಉಲೇಮಾ ಸಮಿತಿ ರಚಿಸಿತು, ಧರ್ಮಗುರುಗಳು ಮಸೀದಿಗಳಿಂದ ಕರೆ ಕೊಟ್ಟರು, ತಮ್ಮ ಕೈಯಾರೆ ಮಕ್ಕಳಿಗೆ ಹನಿ ಹಾಕಿದರು. ಟಿ.ವಿ.ಯ ಗದರಿಕೆ ಎಷ್ಟು ಮುಖ್ಯವಾಗಿತ್ತೋ ಜಗಲಿಯ ಮೇಲಿನ ಆಲಿಸುವಿಕೆ ಅಷ್ಟೇ ಮುಖ್ಯವಾಗಿತ್ತು.

2009ರಲ್ಲಿ 741 ಇದ್ದ ಪ್ರಕರಣಗಳು 2010ರಲ್ಲಿ 42ಕ್ಕೆ ಇಳಿದವು. ಕೊನೆಯ ಪ್ರಕರಣ 2011ರ ಜನವರಿ 13ರಂದು ಪಶ್ಚಿಮ ಬಂಗಾಳದ ಹೌರಾ ಜಿಲ್ಲೆಯಲ್ಲಿ. 2014ರ ಮಾರ್ಚ್ 27ರಂದು ಭಾರತವೂ ಸೇರಿದ ಆಗ್ನೇಯ ಏಷ್ಯಾ ವಲಯ ಪೋಲಿಯೊಮುಕ್ತವೆಂದು ಘೋಷಣೆಯಾಯಿತು.

ಒಂಟಾರಿಯೊದ ಮಾಧ್ಯಮ ಉದ್ಯಮಿ

ಬಹುಕಾಲ ರೋಟರಿಯ ಬಾಗಿಲು ಹೆಣ್ಣುಮಕ್ಕಳಿಗೆ ಮುಚ್ಚಿತ್ತು. ಕ್ಯಾಲಿಫೋರ್ನಿಯಾದ ಡುವಾರ್ಟೆ ಕ್ಲಬ್ಬು 1977ರಲ್ಲಿ ಮೂವರು ಮಹಿಳೆಯರನ್ನು ಸೇರಿಸಿಕೊಂಡಿತು. ಮರುವರ್ಷ ಅದರ ಸನದು ರದ್ದಾಯಿತು. ಡುವಾರ್ಟೆಯವರು ಬಿಡಲಿಲ್ಲ. 1987ರ ಮೇ 4ರಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಅವರ ಪರವಾಗಿ ತೀರ್ಪಿತ್ತಿತು. ಅದೇ ವರ್ಷ ಸಿಲ್ವಿಯಾ ವಿಟ್ಲಾಕ್ ಆ ಕ್ಲಬ್ಬಿನ ಅಧ್ಯಕ್ಷೆಯಾದರು. 1989ರಲ್ಲಿ ಸಿಂಗಪುರದಲ್ಲಿ ಸೇರಿದ ಶಾಸನ ಮಂಡಳಿ ಸದಸ್ಯರು ಗಂಡಸರೇ ಆಗಿರಬೇಕೆಂಬ ಷರತ್ತನ್ನು ತೆಗೆದುಹಾಕಿತು.

ಆ ತೆರೆದ ಬಾಗಿಲಿನಿಂದ ಬಂದವರಲ್ಲಿ ಜೆನಿಫರ್ ಜೋನ್ಸ್ ಒಬ್ಬರು. ಕೆನಡಾದ ಒಂಟಾರಿಯೊ ಪ್ರಾಂತ್ಯದ ವಿಂಡ್ಸರ್ ನಗರದಲ್ಲಿ ಮೀಡಿಯಾ ಸ್ಟ್ರೀಟ್ ಪ್ರೊಡಕ್ಷನ್ಸ್ ಎಂಬ ಮಾಧ್ಯಮ ಸಂಸ್ಥೆ ಕಟ್ಟಿದವರು. 1990ರ ದಶಕದಲ್ಲಿ ವಿಂಡ್ಸರ್-ರೋಸ್‌ಲ್ಯಾಂಡ್ ಕ್ಲಬ್ಬು ಅವರನ್ನು ಸದಸ್ಯೆಯಾಗಿ ಬರಮಾಡಿಕೊಂಡಿತು. ಅವರ ವೃತ್ತಿಯ ಅನುಭವವನ್ನು ಸಂಸ್ಥೆ ಬಳಸಿಕೊಂಡ ರೀತಿ ಗಮನಿಸಬೇಕಾದದ್ದು. ಜಗತ್ತಿನೆಲ್ಲೆಡೆ ರೋಟರಿ ತನ್ನನ್ನು ಹೇಗೆ ಪರಿಚಯಿಸಿಕೊಳ್ಳಬೇಕು ಎಂಬುದನ್ನು ಹೊಸದಾಗಿ ರೂಪಿಸಿದ ಸಲಹಾ ಸಮಿತಿಗೆ ಅವರೇ ಅಧ್ಯಕ್ಷರಾದರು. ಪೋಲಿಯೊ ನಿರ್ಮೂಲನೆಗೆ 15 ಕೋಟಿ ಡಾಲರ್ ಕೂಡಿಸುವ ಅಭಿಯಾನ ಸಮಿತಿಯ ಸಹ ಅಧ್ಯಕ್ಷರಾದರು. 2020ರಲ್ಲಿ ಕೋವಿಡ್ ಎಲ್ಲರನ್ನೂ ಮನೆಯೊಳಗೆ ಕೂರಿಸಿದಾಗ ರೋಟರಿಯ ಟೆಲಿಥಾನ್ ಮುನ್ನಡೆಸಿ ಪರಿಹಾರ ನಿಧಿ ಸಂಗ್ರಹಿಸಿದರು. 65,000ಕ್ಕೂ ಹೆಚ್ಚು ಮಂದಿ ಅದನ್ನು ನೋಡಿದರು. 2022ರ ಜುಲೈ 1ರಂದು ಅವರು ರೋಟರಿ ಇಂಟರ್‌ನ್ಯಾಷನಲ್‌ನ ಅಧ್ಯಕ್ಷರಾದರು. ಸಂಸ್ಥೆಯ ಚರಿತ್ರೆಯಲ್ಲಿ ಆ ಸ್ಥಾನಕ್ಕೇರಿದ ಮೊದಲ ಮಹಿಳೆ ಒಬ್ಬ ಸಂವಹನ ವೃತ್ತಿಪರರು ಎಂಬುದನ್ನು ಪ್ರತಿ ಕ್ಲಬ್ಬಿನ ಸದಸ್ಯತ್ವ ಸಮಿತಿಯೂ ನೆನಪಿಡಬೇಕು.

ಹೊಸ ಸದಸ್ಯರಿಂದ ಏನನ್ನು ಕೇಳಬೇಕು

ಇಂದು ಅನೇಕ ರೋಟರಿ ಕ್ಲಬ್ಬುಗಳಲ್ಲಿ ಸಾರ್ವಜನಿಕ ಸಂಪರ್ಕ ಮತ್ತು ವರ್ಚಸ್ಸಿಗೆಂದೇ ಸಮಿತಿಯಿದೆ. ಮಾಧ್ಯಮದವರು ಸದಸ್ಯರಾದ ಮರುದಿನವೇ ಅವರನ್ನು ಅದಕ್ಕೆ ಹಾಕಿ, ಪದಗ್ರಹಣದ ಫೋಟೊ ಪತ್ರಿಕೆಯಲ್ಲಿ ಬರಿಸಿ ಎಂದು ಹೇಳಿ ಸುಮ್ಮನಾದರೆ ಅವರ ವಿದ್ಯೆಯ ಹತ್ತರಲ್ಲಿ ಒಂದು ಪಾಲೂ ಕ್ಲಬ್ಬಿಗೆ ದಕ್ಕುವುದಿಲ್ಲ. ತಮ್ಮದೇ ಪತ್ರಿಕೆಯಲ್ಲಿ ಕ್ಲಬ್ಬಿನ ಸುದ್ದಿ ಹಾಕಿಸಿ ಎಂಬ ಒತ್ತಾಯವಂತೂ ಪತ್ರಕರ್ತರನ್ನು ಇಕ್ಕಟ್ಟಿಗೆ ನೂಕುತ್ತದೆ. ಅವರ ವೃತ್ತಿಧರ್ಮ ಕ್ಲಬ್ಬಿನ ಸದಸ್ಯತ್ವಕ್ಕಿಂತ ಮೊದಲಿನದು; ಅದನ್ನು ಕಾಪಾಡುವುದು ಕ್ಲಬ್ಬಿನ ಕರ್ತವ್ಯ.

ಅವರನ್ನು ಯೋಜನೆಯ ಕೊನೆಯಲ್ಲಿ ಕರೆಯದೆ ಮೊದಲಲ್ಲೇ ಕೂರಿಸಿಕೊಳ್ಳಬೇಕು. ಡಾ. ಎಂ. ಸಿ. ಮೋದಿ ಅವರ ಸಾಮೂಹಿಕ ನೇತ್ರ ಶಿಬಿರಗಳನ್ನು ಕಂಡ ನಾಡು ನಮ್ಮದು; ಶಿಬಿರ ಯಶಸ್ವಿಯಾಗಲು ವೈದ್ಯರಷ್ಟೇ ಜನರೂ ಬರಬೇಕೆಂಬುದು ಇಲ್ಲಿನ ಕ್ಲಬ್ಬುಗಳಿಗೆ ಗೊತ್ತು. ಸಂತೆಯ ದಿನ ಆಟೊಗೆ ಮೈಕು ಕಟ್ಟಿ ಸಾರಬೇಕೇ, ಹಾಲಿನ ಡೇರಿಯ ಬಳಿ ಬೋರ್ಡು ಹಾಕಬೇಕೇ, ಆಶಾ ಕಾರ್ಯಕರ್ತೆಯರಿಗೆ ವಾಟ್ಸ್‌ಆ್ಯಪ್‌ನಲ್ಲಿ ಧ್ವನಿ ಸಂದೇಶ ಕಳಿಸಬೇಕೇ ಎಂಬುದನ್ನು ಸಂವಹನ ಬಲ್ಲವರು ಹೇಳಬಲ್ಲರು. ಕರಪತ್ರದ ಕನ್ನಡ ಓದುವವರ ಕನ್ನಡವಾಗಿರುವಂತೆ ನೋಡಿಕೊಳ್ಳಬಲ್ಲರು. ಕೊನೆಯ ಬಸ್ಸು ಎಷ್ಟು ಗಂಟೆಗೆ ಎಂದು ಕೇಳಿಕೊಂಡು ಶಿಬಿರದ ಸಮಯವನ್ನೇ ಬದಲಿಸಲು ಸೂಚಿಸಬಲ್ಲರು. ನೆರವು ಪಡೆದವರ ಮುಖವನ್ನು ಅವರ ಒಪ್ಪಿಗೆಯಿಲ್ಲದೆ ಛಾಪಿಸಬಾರದು ಎಂಬ ಶಿಸ್ತನ್ನೂ ಕ್ಲಬ್ಬಿಗೆ ಕಲಿಸಬಲ್ಲರು.

ಇನ್ನೊಂದು ಕೆಲಸ ಕ್ಲಬ್ಬುಗಳು ಹೊರತರುವ ಸ್ಮರಣ ಸಂಚಿಕೆಗಳಿಗೆ ಸಂಬಂಧಿಸಿದ್ದು. ಪೆರಿ 32 ವರ್ಷ ಪತ್ರ, ನಡಾವಳಿ, ಪತ್ರಿಕೆಗಳನ್ನು ಜೋಪಾನ ಮಾಡಿದ್ದರಿಂದ ರೋಟರಿಯ ಚರಿತ್ರೆ ಇಂದು ಇಸವಿ ಸಮೇತ ಸಿಗುತ್ತದೆ. ನಮ್ಮ ಅನೇಕ ಕ್ಲಬ್ಬುಗಳಲ್ಲಿ ನಡಾವಳಿ ಪುಸ್ತಕಗಳು ಹಳೆಯ ಅಧ್ಯಕ್ಷರ ಮನೆಯ ಅಟ್ಟದಲ್ಲಿವೆ. ಫೋಟೊಗಳ ಹಿಂದೆ ಹೆಸರಿಲ್ಲ. ಸ್ಥಾಪಕ ಸದಸ್ಯರಲ್ಲಿ ಈಗ ಉಳಿದವರು ಬೆರಳೆಣಿಕೆಯಷ್ಟು. ಈ ವರ್ಷ ಸೇರುವ ಸಂವಹನ ವೃತ್ತಿಯ ಸದಸ್ಯರಿಗೆ ಕ್ಲಬ್ಬು ಮೊದಲು ಒಪ್ಪಿಸಬೇಕಾದದ್ದು ಈ ಹೊಣೆಯನ್ನು: ಹಿರಿಯರನ್ನು ಅವರವರ ಮನೆಯಲ್ಲೇ ಮಾತನಾಡಿಸಿ ಕನ್ನಡದಲ್ಲಿ ಧ್ವನಿಮುದ್ರಿಸಿಕೊಳ್ಳುವುದು, ನಡಾವಳಿಗಳನ್ನು ಸ್ಕ್ಯಾನ್ ಮಾಡಿಸುವುದು, ಫೋಟೊಗಳಲ್ಲಿ ಇರುವವರ ಹೆಸರು ಮತ್ತು ಇಸವಿ ಬರೆಯಿಸುವುದು. ಮುಂದಿನ ಸಂಚಿಕೆಯ ಸಂಪಾದಕರು ಅದನ್ನೇ ಆಧರಿಸಿ ಬರೆಯುತ್ತಾರೆ.